ನೀರುಗಂಟಿ ಮುದ್ದಮ್ಮನಿಗೆ ನಾನು ಬರೆದುಕೊಟ್ಟ ಪತ್ರ

ನಮ್ಮೂರ ಕೆರೆಯ ಕೆಳಗೆ ನನಗೆ ಇಪ್ಪತ್ತು ಗುಂಟೆ ಗದ್ದೆ ಇದೆ. ಆ ಗದ್ದೆಗೆ ನೀರು ಯಾವತ್ತು ಬರಬೇಕು, ಎಷ್ಟು ಹೊತ್ತು ಹರಿಯಬೇಕು ಎಂಬುದನ್ನು ನಾನು ತೀರ್ಮಾನಿಸುವುದಿಲ್ಲ. ಮನೆಯ ಮಿಕ್ಕೆಲ್ಲ ವಿಷಯ ತೀರ್ಮಾನಿಸುವ ನನ್ನ ಹೆಂಡತಿಯೂ ತೀರ್ಮಾನಿಸುವುದಿಲ್ಲ. ಅದು ಮುದ್ದಮ್ಮನಿಗೆ ಬಿಟ್ಟದ್ದು.

ಹಲಗೂರಿನಿಂದ ಮೂರು ಮೈಲಿ ಒಳಗಿರುವ ನಮ್ಮೂರಿಗೆ ಅವಳು ನೀರುಗಂಟಿ. ಕೆರೆಯ ತೂಬು ಎತ್ತಿ, ಗುದ್ದಲಿ ಹೆಗಲಿಗೇರಿಸಿ ಕಾಲುವೆಯ ಉದ್ದಕ್ಕೂ ನಡೆದು, ಒಬ್ಬೊಬ್ಬರ ಗದ್ದೆಗೂ ಸರದಿಯ ಪ್ರಕಾರ ನೀರು ತಿರುಗಿಸುವುದು, ಹೊತ್ತು ಮುಗಿದ ಮೇಲೆ ಮಣ್ಣು ಕಟ್ಟಿ ಮುಂದಿನವರಿಗೆ ಬಿಡುವುದು, ಇಷ್ಟೇ ಕೆಲಸ. ಹೇಳಲು ಸುಲಭ. ಮಾಡುವವರು ನಲವತ್ತೆರಡು ಜನ ರೈತರ ಬಾಯಿಗೆ ಸಿಕ್ಕಿ ಬದುಕಬೇಕು, ಆ ನಲವತ್ತೆರಡರಲ್ಲಿ ನಾನೂ ಒಬ್ಬ.

ನಾನು ಮಳವಳ್ಳಿಯಲ್ಲಿ ನೋಂದಣಿ ಕಚೇರಿಯ ಎದುರು ಪತ್ರ ಬರೆಯುವವನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹೀಗೆ ಮೂವತ್ತೊಂದು ವರ್ಷದಿಂದ ಬರೆಯುತ್ತಿದ್ದೇನೆ. ನನಗೆ ಸಿಟ್ಟು ಬೇಗ ಬರುತ್ತದೆ, ನಾಲ್ಕು ಜನರೆದುರು ತಪ್ಪು ತೋರಿಸಿದರೆ ಇನ್ನೂ ಬೇಗ ಬರುತ್ತದೆ. ಏಳೆಂಟು ವರ್ಷದ ಹಿಂದೆ ನಾಟಿಯ ಕಾಲದಲ್ಲಿ ನನ್ನಂಥ ಓದಿದವನಿಗೆ ಯಾವ ಸರದಿ ಅಂದುಕೊಂಡು, ಬೆಳಗಿನ ಜಾವವೇ ಎದ್ದು ಹೋಗಿ ನನ್ನ ಗದ್ದೆಯ ಬದುವನ್ನು ನಾನೇ ಒಡೆದು ನೀರು ತಿರುಗಿಸಿಕೊಂಡೆ. ಮುದ್ದಮ್ಮ ಬಂದಳು. ಕೂಗಾಡಲಿಲ್ಲ. ನಾಲ್ಕು ಗುದ್ದಲಿ ಮಣ್ಣು ಹಾಕಿ ಒಡೆದ ಜಾಗ ಮುಚ್ಚಿ, ಅದರ ಮೇಲೆಯೇ ಕುಳಿತು, ಮಡಿಲಿನಿಂದ ರೊಟ್ಟಿ ತೆಗೆದು ತಿನ್ನತೊಡಗಿದಳು.

"ಪ್ರಕಾಸಣ್ಣ, ನಿನ್ನ ಸರದಿ ಸುಕ್ರವಾರ. ಇವತ್ತು ಮಂಗಳವಾರ. ಊರೋರ್ಗೆಲ್ಲ ಪತ್ರ ಬರ್ಕೊಡ್ತೀಯ, ವಾರ ಎಣಿಸಕ್ಕೆ ಬರಕಿಲ್ವಾ?" ಅಂದಳು.

ಪಕ್ಕದ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರೆಲ್ಲ ನಕ್ಕರು. ಒಂದು ತಿಂಗಳು ನಾನು ಹಲಗೂರಿನ ಟೀ ಅಂಗಡಿಗೆ ಕಾಲಿಟ್ಟರೆ ಸಾಕು, ಯಾರಾದರೊಬ್ಬರು ಇವತ್ತು ಯಾವ ವಾರ ಅಂತ ಕೇಳುತ್ತಿದ್ದರು. ಅವಳ ಮೇಲೆ ನನಗೆ ಹೊಟ್ಟೆಯುರಿ ಇತ್ತು ಅಂತ ಒಪ್ಪಿಕೊಳ್ಳುತ್ತೇನೆ. ಶುಕ್ರವಾರ ಬೆಳಿಗ್ಗೆ ಹೋಗಿ ನೋಡಿದಾಗ ನನ್ನ ಗದ್ದೆ ತುಂಬಾ ನೀರು ನಿಂತಿತ್ತು ಅಂತಲೂ ಒಪ್ಪಿಕೊಳ್ಳುತ್ತೇನೆ.

ಈ ಕೆಲಸ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಕೆಂಪಸಿದ್ದಯ್ಯನವರ ಮಂಡಿ ಸೋತು ಹಾಸಿಗೆ ಹಿಡಿದಾಗ ಊರಿನ ಯಜಮಾನರು ಸೇರಿ, ಹೆಂಗಸಿಗೆ ಈ ಕೆಲಸ ಆಗುವುದಿಲ್ಲ, ಬೇರೆ ಯಾರನ್ನಾದರೂ ನೋಡೋಣ ಅಂತ ಮಾತಾಡಿಕೊಂಡರು. ಅವರು ಮಾತಾಡುತ್ತಲೇ ಇದ್ದರು, ಮುದ್ದಮ್ಮ ಮಾರನೆಯ ಬೆಳಿಗ್ಗೆ ಹೋಗಿ ತೂಬು ಎತ್ತಿದಳು. ಆ ವರ್ಷ ಕೆರೆಯಲ್ಲಿ ಮುಕ್ಕಾಲು ಪಾಲು ನೀರಷ್ಟೇ ಇತ್ತು. ಹಾಗಿದ್ದರೂ ಕಾಲುವೆಯ ತುದಿಯಲ್ಲಿದ್ದವರ ಗದ್ದೆಗೆ ಮೊದಲು ನೀರು ಮುಟ್ಟಿಸಿದಳು. ತುದಿಯವರು ಹುಟ್ಟಿದಾಗಿನಿಂದ ಅಂಥದ್ದನ್ನು ಕಂಡಿರಲಿಲ್ಲ. ಮುಂದಿನ ಸಭೆಯಲ್ಲಿ ಬೇರೆಯವರ ಮಾತೇ ಬರಲಿಲ್ಲ.

ನೀರುಗಂಟಿಗೂ ಹತ್ತು ಗುಂಟೆ ಗದ್ದೆ ಇದೆ. ಆದರೆ ಆ ಮನೆತನದ ಕಟ್ಟುಪಾಡು ಒಂದಿದೆ: ಊರಿನವರದೆಲ್ಲ ಮುಗಿದ ಮೇಲೆಯೇ ನೀರುಗಂಟಿಯ ಗದ್ದೆಗೆ ನೀರು. ಕೈಯಲ್ಲಿ ತೂಬು ಇರುವವನು ಮೊದಲು ತನ್ನ ಗದ್ದೆ ತುಂಬಿಸಿಕೊಂಡರೆ ಅವನ ಮಾತನ್ನು ಯಾರೂ ಕೇಳುವುದಿಲ್ಲ ಅಂತ ಕೆಂಪಸಿದ್ದಯ್ಯನವರು ಹೇಳುತ್ತಿದ್ದರಂತೆ. ಮುದ್ದಮ್ಮ ಅದನ್ನು ಒಂದು ವರ್ಷವೂ ಮುರಿದಿಲ್ಲ. ಅವಳ ಬತ್ತ ಊರಿಗಿಂತ ಹದಿನೈದು ದಿನ ಹಿಂದೆಯೇ ಇರುತ್ತದೆ.

ಮದುವೆಯೂ ಆಗಿತ್ತು. ದುದ್ದದ ಕಡೆಗೆ ಕೊಟ್ಟಿದ್ದರು. ಒಂದು ವರ್ಷವಾಗುವಷ್ಟರಲ್ಲಿ, ಅಲ್ಲಿ ತನಗೆ ಹೊಂದಿಕೆಯಾಗಲಿಲ್ಲ ಅಂತ ಹೇಳಿ ಟ್ರಂಕು ಹೊತ್ತುಕೊಂಡು ವಾಪಸು ಬಂದಳು. ಅದಕ್ಕಿಂತ ಹೆಚ್ಚು ಯಾರಿಗೂ ಹೇಳಲಿಲ್ಲ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆ ಹೊತ್ತಿಗೆ ತಾಯಿ ತೀರಿಕೊಂಡು, ತಮ್ಮ ಸಿದ್ದರಾಜು ಆರು ವರ್ಷದ ಹುಡುಗ. ಅವನಿಗೆ ತಲೆ ಬಾಚಿ, ಅನ್ನ ಕಟ್ಟಿ, ಶಾಲೆಗೆ ಕಳಿಸಿ, ಕೊನೆಗೆ ಮದ್ದೂರಿನ ಹತ್ತಿರದ ವೈದ್ಯನಾಥಪುರದಿಂದ ಹೆಣ್ಣು ತಂದು ಮದುವೆ ಮಾಡಿದ್ದೆಲ್ಲ ಇವಳೇ. ಅವರ ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕ ಸಿದ್ದರಾಜುವಿನ ಮದುವೆಯ ಫೋಟೋ ಇದೆ. ಫೋಟೋದಲ್ಲಿ ಗಂಡು ಹೆಣ್ಣಿಗಿಂತ ಮುದ್ದಮ್ಮನೇ ಜಂಬವಾಗಿ ಕಾಣುತ್ತಾಳೆ.

ಸಿದ್ದರಾಜು ಬತ್ತ ಕೊಯ್ಯುವ ಯಂತ್ರದ ಡ್ರೈವರು. ಬತ್ತ ಎಲ್ಲಿ ಹಣ್ಣಾಗುತ್ತದೋ ಅಲ್ಲಿಗೆ ಅವನ ಸವಾರಿ. ವರ್ಷದಲ್ಲಿ ಏಳು ತಿಂಗಳು ಗಂಗಾವತಿ, ಸಿಂಧನೂರು, ಅದರಾಚೆ ತೆಲಂಗಾಣ. ಹೆಂಡತಿ ವನಜಾ ನರ್ಸಿಂಗ್ ಓದಿದವಳು. ಮದುವೆಯಾದ ಮೇಲೂ ಅರ್ಜಿ ಹಾಕುವುದನ್ನು ಬಿಡಲಿಲ್ಲ. ಇಬ್ಬರಿಗೂ ಒಬ್ಬಳೇ ಮಗಳು, ಶೋಭಿತಾ, ಈಗ ಎಂಟು ವರ್ಷ.

ಈ ಶೋಭಿತಾ ನಡೆಯಲು ಕಲಿತದ್ದೇ ಕಾಲುವೆಯ ಏರಿಯ ಮೇಲೆ. ಅತ್ತೆ ಮುಂದೆ ಗುದ್ದಲಿ ಹೊತ್ತು ಹೋದರೆ ಇವಳು ಹಿಂದೆ ಒಂದು ಕೋಲು ಹೊತ್ತು ಹೋಗುವುದು. ನಾಲ್ಕು ವರ್ಷಕ್ಕೇ ಊರಿನ ಸರದಿ ಬಾಯಿಪಾಠ. ಒಂದು ದಿನ ನಾನು ಬದುವಿನ ಮೇಲೆ ಸುಮ್ಮನೆ ನಿಂತಿದ್ದಾಗ, ತಾತ ನಿನ್ನ ಟೈಮು ಆಯಿತು, ದೂರ ನಿಂತುಕೋ ಅಂತ ನನ್ನನ್ನೇ ಗದರಿಸಿದಳು. ನನಗೆ ಆಗ ಐವತ್ತೊಂದು. ತಾತ ಅನ್ನಿಸಿಕೊಂಡಿದ್ದಕ್ಕೋ, ದೂರ ನಿಲ್ಲು ಅನ್ನಿಸಿಕೊಂಡಿದ್ದಕ್ಕೋ, ಎರಡು ದಿನ ಬೇಜಾರಾಗಿತ್ತು.

ಹೋದ ವರ್ಷ ವನಜಾಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಊರೆಲ್ಲ ಸಿಹಿ ತಿಂದಿತು. ಕೆಲಸ ಸಿಕ್ಕಿದ್ದು ರಾಯಚೂರು ಜಿಲ್ಲೆಯಲ್ಲಿ. ಎರಡು ವರ್ಷ ಕಳೆಯುವವರೆಗೆ ವರ್ಗಾವಣೆ ಕೇಳುವ ಹಾಗಿಲ್ಲ. ಮೂರು ಪಾಳಿಯ ಡ್ಯೂಟಿ, ಒಂದೇ ಕೋಣೆಯ ಬಾಡಿಗೆ ಮನೆ, ಗಂಡ ಯಂತ್ರದ ಜೊತೆ ಊರೂರು. ಮಗುವನ್ನು ಕರೆದುಕೊಂಡು ಹೋದರೆ ಪಾಳಿಯ ಹೊತ್ತಿನಲ್ಲಿ ನೋಡಿಕೊಳ್ಳುವವರು ಯಾರು? ಗಂಡ ಹೆಂಡತಿ ಕೂತು ಮಾತಾಡಿ, ಶೋಭಿತಾ ಎರಡು ವರ್ಷ ಅತ್ತೆಯ ಹತ್ತಿರವೇ ಇರಲಿ ಅಂತ ನಿಶ್ಚಯ ಮಾಡಿದರು. ಯಾರೂ ಯಾವ ಕಾಗದವನ್ನೂ ಬರೆಯಲಿಲ್ಲ. ಸೋದರತ್ತೆಯ ಮನೆಯಲ್ಲಿ ಸೊಸೆ ಇರುವುದಕ್ಕೆ ಕಾಗದ ಯಾಕೆ?

ಯಾಕೆ ಅನ್ನುವುದು ಆಗಸ್ಟ್ ತಿಂಗಳಲ್ಲಿ ಗೊತ್ತಾಯಿತು. ಮಳೆ ಬಿದ್ದ ಏರಿಯ ಮೇಲೆ ಓಡಲು ಹೋಗಿ ಶೋಭಿತಾ ಜಾರಿ ಬಿದ್ದಳು. ಮುಂಗೈ ಮೂಳೆ ಮುರಿಯಿತು. ಮುದ್ದಮ್ಮ ಆಟೋ ಹಿಡಿದು ಮೂಳೆ ಡಾಕ್ಟರು ಇರುವ ಮದ್ದೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅರಿವಳಿಕೆ ಕೊಟ್ಟು ಮೂಳೆ ಕೂಡಿಸಬೇಕು, ಅಪ್ಪ ಅಥವಾ ಅಮ್ಮ ಸಹಿ ಹಾಕಬೇಕು ಅಂದರು. ತಾನು ಸೋದರತ್ತೆ ಅಂದಳು. ಬರಹದಲ್ಲಿ ಏನಾದರೂ ಇದೆಯೇ ಅಂತ ಕೇಳಿದರು. ಇರಲಿಲ್ಲ. ನೋವಿಗೆ ಇಂಜೆಕ್ಷನ್ ಕೊಟ್ಟು, ಅಪ್ಪ ಅಮ್ಮನಿಗೆ ಫೋನ್ ಮಾಡಿ ಅಂದರು. ಸಿದ್ದರಾಜು ಯಂತ್ರದ ಸದ್ದಿನಲ್ಲಿದ್ದ, ವನಜಾ ಡ್ಯೂಟಿಯಲ್ಲಿದ್ದು ಫೋನು ಬೀರುವಿನಲ್ಲಿತ್ತು. ನಲವತ್ತೆರಡು ಜನ ರೈತರನ್ನು ಒಂದು ಮಾತಿನಲ್ಲಿ ಕೂರಿಸುವ ಹೆಂಗಸು, ಅಳುವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮೂರೂವರೆ ಗಂಟೆ ಬೆಂಚಿನ ಮೇಲೆ ಕೂತಿದ್ದಳು. ಕೊನೆಗೆ ವನಜಾ ಫೋನಿಗೆ ಸಿಕ್ಕಿ, ಡಾಕ್ಟರ ಜೊತೆ ಮಾತಾಡಿ, ಒಪ್ಪಿಗೆ ಬರೆದು ಕಳಿಸಿದ ಮೇಲೆ ಕೆಲಸ ನಡೆಯಿತು.

ಅಷ್ಟರಲ್ಲಿ ಸುದ್ದಿ ತಿಳಿದು ವೈದ್ಯನಾಥಪುರದಿಂದ ವನಜಾಳ ತಾಯಿ ಬೆಳ್ಳಮ್ಮ ಓಡಿ ಬಂದಿದ್ದರು. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತರಾದವರು, ಊರಿನ ಅರ್ಧ ಮಕ್ಕಳಿಗೆ ಅನ್ನ ಕಲೆಸಿ ತಿನ್ನಿಸಿದ ಕೈ. ಮೊಮ್ಮಗಳ ಕೈಗೆ ಕಟ್ಟಿದ ಪಟ್ಟಿ ನೋಡಿ ಅವರು ಮುದ್ದಮ್ಮನಿಗೆ ಏನೂ ಅನ್ನಲಿಲ್ಲ. ಆದರೆ ಮಗು ನಮ್ಮ ಮನೆಯಲ್ಲಿದ್ದಿದ್ದರೆ ಆಸ್ಪತ್ರೆ ಹತ್ತು ನಿಮಿಷ ಅಂತ ನರ್ಸಿಗೆ ಹೇಳುವ ಹಾಗೆ ಹೇಳಿದರಂತೆ. ಮುದ್ದಮ್ಮನಿಗೆ ಕೇಳಿಸಲಿ ಅಂತಲೇ ಹೇಳಿದ್ದು.

ಮಾರನೆಯ ವಾರ ಮುದ್ದಮ್ಮ ಮಳವಳ್ಳಿಗೆ ಬಂದು ನನ್ನ ಅಂಗಡಿಯ ಬಾಗಿಲಲ್ಲಿ ನಿಂತಳು. ಜೀವಮಾನದಲ್ಲಿ ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

"ಪ್ರಕಾಸಣ್ಣ, ಒಂದು ಪತ್ರ ಬರ್ಕೊಡು. ಮಗಿಗೆ ಜರ ಬಂದ್ರೆ, ಇಸ್ಕೂಲ್ನಲ್ಲಿ ಕರುದ್ರೆ, ನಾನು ಸೈನ್ ಆಕ್ಬೋದು ಅಂತ. ಅಪ್ಪ ಅವ್ವ ಒಪ್ಪವ್ರೆ. ಇನ್ನೊಂದ್ಸಲ ಆ ಬೆಂಚಿನ ಮ್ಯಾಲೆ ನಾನು ಕೂರಕಿಲ್ಲ."

ನನಗೆ ಒಳಗೊಳಗೇ ಖುಷಿಯಾಯಿತು. ಅಂತೂ ನನ್ನ ಸರದಿ ಬಂತು ಅಂದುಕೊಂಡೆ. ಇಂಥ ಪತ್ರವನ್ನು ನಾನು ಮೂವತ್ತೊಂದು ವರ್ಷದಲ್ಲಿ ಬರೆದಿರಲಿಲ್ಲ ಎಂಬ ವಿಷಯವನ್ನು ಮಾತ್ರ ಹೇಳಲಿಲ್ಲ. ಪತ್ರ ಅಂದಮೇಲೆ ಪತ್ರ, ಅದರಲ್ಲೇನಿದೆ ದೊಡ್ಡ ವಿಷಯ? ಜವಾಬ್ದಾರಿ ಹಂಚಿಕೊಳ್ಳುವುದು ತಾನೇ, ಹಂಚಿಕೊಳ್ಳುವ ಪತ್ರ ನನ್ನ ಕಂಪ್ಯೂಟರಿನಲ್ಲಿ ನೂರಾರಿವೆ. ಹಿಂದಿನ ದಿನ ಮಾಡಿದ್ದ ಒಂದು ವಿಭಾಗಪತ್ರವನ್ನು ತೆರೆದು, ಜಮೀನು ಇದ್ದ ಕಡೆ ಮಗುವನ್ನು ಇಡುತ್ತ ಹೋದೆ. ಮಧ್ಯಾಹ್ನ ಒಂದೂವರೆ ಆಗಿತ್ತು, ಹೊಟ್ಟೆ ಹಸಿದಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಾನು ಬರೆದದ್ದು ಹೀಗಿತ್ತು: "ಷೆಡ್ಯೂಲು. ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕು, ಹಲಗೂರು ಹೋಬಳಿಗೆ ಸೇರಿದ ಕುಮಾರಿ ಶೋಭಿತಾ, ವಯಸ್ಸು ಎಂಟು. ಇದಕ್ಕೆ ಚಕ್ಕುಬಂದಿ: ಪೂರ್ವಕ್ಕೆ ಮುದ್ದಮ್ಮನವರ ಮನೆ, ಪಶ್ಚಿಮಕ್ಕೆ ಸರ್ಕಾರಿ ಶಾಲೆ, ಉತ್ತರಕ್ಕೆ ಕೆರೆಯ ಏರಿ, ದಕ್ಷಿಣಕ್ಕೆ ಓಣಿ." ನಾಲ್ಕು ದಿಕ್ಕಿನ ಗಡಿ ಇಲ್ಲದ ಪತ್ರ ನನ್ನ ಕೈಯಿಂದ ಇದುವರೆಗೆ ಹೊರಗೆ ಹೋಗಿಲ್ಲ. ಅಲ್ಲದೆ ಆ ಮಗು ಓಡಾಡುವುದೂ ಆ ನಾಲ್ಕರ ಮಧ್ಯೆಯೇ. ಈಗಲೂ ಅದು ಪೂರ್ತಿ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ.

ತಪ್ಪಾದದ್ದು ಕೊನೆಯ ಸಾಲು. ಎಲ್ಲ ವಿಭಾಗಪತ್ರದ ಕೊನೆಯಲ್ಲೂ ಇರುವ ಸಾಲು ಅದು, ಕಣ್ಣಿಗೆ ಬೀಳದಷ್ಟು ರೂಢಿಯಾಗಿಬಿಟ್ಟಿದೆ: "ಸದರಿ ಸ್ವತ್ತಿನ ಮೇಲೆ ಇನ್ನು ಮುಂದೆ ಉಳಿದ ಯಾವ ಸಂಬಂಧಿಕರಿಗೂ ಯಾವುದೇ ಹಕ್ಕು ಇರುವುದಿಲ್ಲ. ಯಾರಾದರೂ ತಕರಾರು ತೆಗೆದಲ್ಲಿ ಅದು ಈ ಪತ್ರದ ಮುಂದೆ ನಿಲ್ಲತಕ್ಕದ್ದಲ್ಲ."

ಮುದ್ದಮ್ಮ ನಾಲ್ಕನೇ ಕ್ಲಾಸು ಓದಿದವಳು. ಮೊದಲ ಹಾಳೆ ಓದಿ, ಎಲ್ಲರಿಗೂ ತಿಳಿದಿರಲಿ ಅಂತ ಪೂರ್ತಿ ಪತ್ರದ ಫೋಟೋ ತೆಗೆಸಿ ತಮ್ಮನಿಗೂ ವನಜಾಳಿಗೂ ಕಳಿಸಿದಳು. ಬೀಗರನ್ನು ಬಿಡುವುದು ಸರಿಯಲ್ಲ ಅಂತ ಬೆಳ್ಳಮ್ಮನವರ ಮಗ ಶಿವರಾಜುವಿಗೂ ಕಳಿಸಿದಳು. ಶಿವರಾಜು ಅದನ್ನು ತಾಯಿಗೆ ಕೊನೆಯ ಸಾಲಿನವರೆಗೂ ಓದಿ ಹೇಳಿದ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಬೆಳ್ಳಮ್ಮ ನನ್ನ ಅಂಗಡಿಗೆ ಬಂದರು. ಮಗಳು ಹೆತ್ತ ಮಗುವಿನ ಮೇಲೆ ತನಗೆ ಹಕ್ಕಿಲ್ಲ ಅಂತ ಬರೆಯಲು ನೀನು ಯಾರು ಅಂತ ಕೇಳಿದರು. ಇನ್ನೂ ಏನೇನೋ ಕೇಳಿದರು, ಎದುರು ಕಚೇರಿಯ ಜನ ಕಿಟಕಿಗೆ ಬಂದು ನಿಂತರು. ಮಕ್ಕಳಿಲ್ಲದ ನಾದಿನಿ ಕಾಗದ ಮಾಡಿಸಿ ಮಗುವನ್ನು ದತ್ತು ಎಳೆದುಕೊಳ್ಳುತ್ತಿದ್ದಾಳೆ ಎಂಬುದು ಅವರ ತೀರ್ಮಾನ. ಮಗು ನಾಳೆಯಿಂದಲೇ ವೈದ್ಯನಾಥಪುರಕ್ಕೆ ಬರಬೇಕು, ಮದ್ದೂರಿನ ಶಾಲೆಗೆ ಸೇರಿಸುತ್ತೇನೆ ಅಂದರು. ಅಳುತ್ತಿದ್ದರು. ಬೈಯುವವರಿಗೆ ಉತ್ತರ ಕೊಡುವುದು ನನಗೆ ಗೊತ್ತು, ಅಳುತ್ತ ಬೈಯುವವರಿಗೆ ಕುರ್ಚಿ ಎಳೆದು ಹಾಕಿದೆ.

ರಾಯಚೂರಿನಲ್ಲಿ ವನಜಾ ಇಬ್ಬರ ಮಧ್ಯೆ ಸಿಕ್ಕಿಬಿದ್ದಳು. ಒಂದು ಕಡೆ ಹೆತ್ತ ತಾಯಿ ಫೋನ್ ಮಾಡಿ ಅಳುವುದು. ಇನ್ನೊಂದು ಕಡೆ ಮುದ್ದಮ್ಮ ಫೋನೇ ಮಾಡದೆ ಸುಮ್ಮನಿರುವುದು. ಸುಮ್ಮನಿರುವುದೇ ಹೆಚ್ಚು ಕಷ್ಟವಾಯಿತಂತೆ. ನಾನು ಮುದ್ದಮ್ಮನ ಮನೆಗೆ ಹೋಗಿ ತಪ್ಪು ನನ್ನದು ಅಂತ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಟೀ ಕೊಟ್ಟಳು. ಒಳಗೆ ಶೋಭಿತಾ ಪಟ್ಟಿ ಕಟ್ಟಿದ ಕೈ ಎದೆಗೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಮಗ್ಗಿ ಬರೆಯುತ್ತಿದ್ದಳು. ಮಗು ಹೊರಟರೆ ಈ ಮನೆಯಲ್ಲಿ ಈ ಹೆಂಗಸು ಸಂಜೆ ಹೊತ್ತು ಏನು ಮಾಡುತ್ತಾಳೆ ಅಂತ ಯೋಚನೆ ಬಂತು. ಟೀ ಲೋಟ ಅಲ್ಲೇ ಇಟ್ಟು ಎದ್ದು ಬಂದೆ.

ಕೆಡಿಸಿದವನೇ ಸರಿಮಾಡಬೇಕಲ್ಲ. ಕೋರ್ಟಿನ ಆವರಣದಲ್ಲಿ ಬಡವರಿಗೆ ಉಚಿತವಾಗಿ ಸಲಹೆ ಕೊಡುವ ಕಾನೂನು ಸೇವೆಯ ಕೋಣೆ ಇದೆ. ವಾರಕ್ಕೆರಡು ದಿನ ಅಲ್ಲಿ ಕೂರುವ ವಕೀಲರು ಮದ್ದೂರಿನ ಅಸ್ಫಿಯಾ. ಮೆಕ್ಯಾನಿಕ್ ಜಕೀವುಲ್ಲಾರ ಮಗಳು, ಮೂವತ್ತೆರಡು ಮೂವತ್ಮೂರು ವಯಸ್ಸಿರಬಹುದು. ಹೊಟ್ಟೆ ಹಸಿದಿದ್ದಾಗ ಬರೆದದ್ದು ಅಂತ ಹೇಳಿ ಪತ್ರ ಕೊಟ್ಟೆ. ಚಕ್ಕುಬಂದಿಯವರೆಗೆ ಗಂಭೀರವಾಗಿ ಓದಿದರು. ಆಮೇಲೆ ನಗಲು ಶುರು ಮಾಡಿದವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಪಹಣಿ ಯಾವಾಗ ಬದಲಾಯಿಸುತ್ತೀರಿ ಸಾರ್ ಅಂತ ಕೇಳಿದರು. ನನ್ನ ಮುಖ ನೋಡಿ ನಗು ನಿಲ್ಲಿಸಿ, ವಿಷಯ ಬಿಡಿಸಿ ಹೇಳಿದರು.

ಮಗುವಿಗೆ ಕಾನೂನಿನ ಪ್ರಕಾರ ಪೋಷಕರು ಅಪ್ಪ ಅಮ್ಮನೇ, ಪತ್ರ ಬರೆದ ಮಾತ್ರಕ್ಕೆ ಆ ಅಧಿಕಾರ ಇನ್ನೊಬ್ಬರ ಕೈಗೆ ಹೋಗುವುದಿಲ್ಲ. ಯಾರಿಗಾದರೂ ಅಂಥ ಅಧಿಕಾರ ಪೂರ್ತಿಯಾಗಿ ಬೇಕಿದ್ದರೆ ಕೋರ್ಟಿಗೆ ಅರ್ಜಿ ಹಾಕಬೇಕು. ಆದರೆ ದಿನದಿನದ ಜವಾಬ್ದಾರಿಯನ್ನು, ಶಾಲೆ, ಆಸ್ಪತ್ರೆ, ರಜೆ, ಓದು, ಇದನ್ನೆಲ್ಲ ಯಾರು ನೋಡಿಕೊಳ್ಳುತ್ತಾರೆ, ಯಾರು ಸಹಿ ಹಾಕಬಹುದು ಅಂತ ಅಪ್ಪ ಅಮ್ಮ ಬರೆದುಕೊಟ್ಟರೆ ತುಂಬಾ ಅನುಕೂಲ. ಅವರಿಗೆ ಬೇಡವೆನಿಸಿದ ದಿನ ವಾಪಸು ತೆಗೆದುಕೊಳ್ಳಬಹುದು. ಒಬ್ಬರಿಗೇ ಕೊಡಬೇಕು ಅಂತಲೂ ಇಲ್ಲ. ಎಲ್ಲರನ್ನೂ ಒಂದು ದಿನ ಕರೆಸಿ, ಕೂತು ಮಾತಾಡಿಸೋಣ, ಹೊಸ ಪತ್ರವನ್ನು ನಾನು ಹೇಳುತ್ತೇನೆ, ನೀವು ಬರೆದುಕೊಳ್ಳಿ, ಆದರೆ ಬಾಯಿ ಬಿಡಬೇಡಿ ಅಂದರು. ಒಪ್ಪಿಕೊಂಡೆ. ಬೇರೆ ದಾರಿ ಇರಲಿಲ್ಲ.

ಮುಂದಿನ ಬುಧವಾರ ಎಲ್ಲರೂ ಬಂದರು. ವನಜಾಳೂ ಸಿದ್ದರಾಜುವೂ ರಜೆ ಹಾಕಿ ಬಂದಿದ್ದರು. ಬೆಳ್ಳಮ್ಮ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಮುದ್ದಮ್ಮ ಬೆಳಿಗ್ಗೆ ನೀರು ಬಿಟ್ಟು ಬಂದವಳು, ಸೀರೆಯ ಅಂಚಿನಲ್ಲಿ ಕೆಸರಿತ್ತು. ಶೋಭಿತಾಳನ್ನು ಹೊರಗೆ ಹುಣಸೆ ಮರದ ಕೆಳಗೆ ಸಿದ್ದರಾಜುವಿನ ಜೊತೆ ಕೂರಿಸಿದ್ದೆವು. ಇಬ್ಬರಿಗೂ ಸೀಬೆಹಣ್ಣು ಕೊಡಿಸಿದ್ದೆ. ಅಕ್ಕ ಮತ್ತು ವನಜಾ ಹೇಳಿದ್ದಕ್ಕೆಲ್ಲ ತನ್ನ ಒಪ್ಪಿಗೆ ಇದೆ ಅಂತ ಅವನು ಮೊದಲೇ ಹೇಳಿ ತಪ್ಪಿಸಿಕೊಂಡಿದ್ದ.

ಅಸ್ಫಿಯಾ ಮೊದಲು ನನ್ನ ಪತ್ರವನ್ನು ಎಲ್ಲರೆದುರು ಎರಡು ತುಂಡು ಮಾಡಿದರು. ಬೆಳ್ಳಮ್ಮನವರ ಹಕ್ಕನ್ನು ಯಾರೂ ಕಸಿಯುತ್ತಿಲ್ಲ, ಇದು ದತ್ತು ಅಲ್ಲ, ಇದು ಈ ಸಾರ್ ಅವರ ಮಧ್ಯಾಹ್ನದ ಹಸಿವು ಅಂದರು. ಬೆಳ್ಳಮ್ಮ ಕೂಡ ಸ್ವಲ್ಪ ನಕ್ಕರು. ಆಮೇಲೆ, ಯಾರಿಗೆ ಏನು ಬೇಕು ಹೇಳಿ ಅಂದರು.

ಮುದ್ದಮ್ಮ ಮೊದಲು ಮಾತಾಡಬೇಕಿತ್ತು, ಪತ್ರ ಕೇಳಿದವಳು ಅವಳು. "ಅವ್ರೇ ಮೊದ್ಲು ಯೋಳ್ಲಿ. ನೀರುಗಂಟಿದು ಕೊನೆಗೇಯ," ಅಂದುಬಿಟ್ಟಳು. ನನಗೆ ಮೈ ಉರಿಯಿತು. ಇದೇನು ಗದ್ದೆಯೇ ಅಂತ ಕೇಳಬೇಕೆನಿಸಿತು. ಆದರೆ ಅದನ್ನು ಕೇಳುವ ಮಾನ ನನಗೆ ಉಳಿದಿರಲಿಲ್ಲ.

ಬೆಳ್ಳಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆಯಲ್ಲಿ ಮಗ, ಸೊಸೆ, ಆಡಲು ಎರಡು ಮಕ್ಕಳು, ಹತ್ತಿರದಲ್ಲಿ ಆಸ್ಪತ್ರೆ, ಮದ್ದೂರಿನಲ್ಲಿ ಒಳ್ಳೆಯ ಶಾಲೆ. ಇರುವ ಒಬ್ಬಳೇ ಮಗಳು ಅಷ್ಟು ದೂರ ಹೋಗಿದ್ದಾಳೆ, ಅವಳ ಮಗುವಾದರೂ ಕಣ್ಣೆದುರು ಇರಲಿ ಅಂದರು. ಮುದ್ದಮ್ಮ ಬೆಳಗಾಗೆದ್ದರೆ ಗದ್ದೆಯ ಮೇಲಿರುತ್ತಾಳೆ, ಮಗು ಜಾರಿ ಬಿದ್ದದ್ದೂ ಅಲ್ಲೇ ಅಂದರು. ವನಜಾ ತಲೆ ಎತ್ತಲಿಲ್ಲ. ಈಗ ಮುದ್ದಮ್ಮ ಹೇಳಲಿ ಅಂತ ಅಸ್ಫಿಯಾ ತಿರುಗಿದರೆ, ಅವರು ಹೇಳಿದ್ದು ನಿಜ, ಮಗು ಬಿದ್ದದ್ದು ತನ್ನ ಕಣ್ಣೆದುರೇ ಅಂತಷ್ಟೇ ಅಂದಳು.

ಎರಡು ಕಡೆಯಲ್ಲೂ ಪ್ರೀತಿಯೇ ಇದ್ದರೆ ವಕೀಲರಿಗೂ ಕಷ್ಟ. ಅಸ್ಫಿಯಾ ಪೆನ್ನು ಕೆಳಗಿಟ್ಟರು. ಎಂಟು ವರ್ಷದ ಮಗುವಿಗೂ ಮನಸ್ಸು ಅಂತ ಇರುತ್ತದೆ, ಎಲ್ಲಿರಲು ಇಷ್ಟ ಅಂತ ಅವಳನ್ನೇ ಕರೆದು ಕೇಳೋಣವೇ ಅಂದರು. ಕೋಣೆಯಲ್ಲಿ ಎಲ್ಲರಿಗೂ ಉತ್ತರ ಗೊತ್ತಿತ್ತು. ಬೆಳ್ಳಮ್ಮನವರ ಮುಖ ಬಿಳಿಚಿಕೊಂಡಿತು. ನಾನು ಮನಸ್ಸಿನಲ್ಲೇ, ಗೆದ್ದೆ ಕಣಮ್ಮ ಅಂತ ಮುದ್ದಮ್ಮನಿಗೆ ಹೇಳಿ, ಕರೆಯಲು ಎದ್ದೂ ಬಿಟ್ಟೆ.

"ಕೂತ್ಕೊ ಪ್ರಕಾಸಣ್ಣ," ಅಂದಳು ಮುದ್ದಮ್ಮ. ಕೂತೆ. ಆ ದನಿ ನನಗೆ ಪರಿಚಯದ್ದು.

"ಮಗಾನ ಕೇಳ್ಬ್ಯಾಡಿ ಕಣಮ್ಮ. ಕೇಳುದ್ರೆ ಅದು ನನ್ನೆಸರೇ ಯೋಳ್ತದೆ, ನಂಗೂ ಗೊತ್ತು, ಅವ್ರಿಗೂ ಗೊತ್ತು. ಆಮ್ಯಾಕೆ ದಸರಾ ರಜಕ್ಕೆ ಅಜ್ಜಿ ಮನೆಗೆ ಯಾವ ಮೊಕ ಒತ್ಕಂಡು ಓದಾತು ಆ ಕೂಸು? ಅಜ್ಜಿ ಎದ್ರಿಗೇ ಅಜ್ಜಿ ಬ್ಯಾಡ ಅಂದೆ ಅಂತ ಅದ್ಕೆ ಬದುಕಿರೋಗಂಟ ಇರ್ತದೆ. ನನ್ ತಾವ ಇಲ್ದಿದ್ರೂ ಪರವಾಗಿಲ್ಲ, ಅಲ್ಲೇ ಇರ್ಲಿ. ಅದ್ರ ಬಾಯಲ್ಲಿ ಯಾರ ಎಸ್ರನ್ನೂ ಯೋಳಿಸ್ಬ್ಯಾಡಿ."

ಹೊರಗೆ ಯಾರದೋ ಕೇಸು ಕೂಗುತ್ತಿದ್ದರು. ವನಜಾ ಅಳುತ್ತಿದ್ದಳು. ನಾನು ಬರೆದುಕೊಳ್ಳುವವನ ಹಾಗೆ ಹಾಳೆಯ ಮೇಲೆ ಬಗ್ಗಿದೆ. ನಿಜ ಹೇಳಬೇಕೆಂದರೆ ಅಕ್ಷರ ಕಾಣುತ್ತಿರಲಿಲ್ಲ. ಗೆಲ್ಲುವ ಮಾತು ಕೈಗೆ ಬಂದಿದ್ದಾಗ ಅದನ್ನು ಹೀಗೆ ಬಿಟ್ಟುಕೊಟ್ಟವರನ್ನು ನಾನು ಆ ಕೋರ್ಟಿನ ಆವರಣದಲ್ಲಿ ಕಂಡಿಲ್ಲ.

ಬೆಳ್ಳಮ್ಮ ಬಹಳ ಹೊತ್ತು ಮುದ್ದಮ್ಮನ ಸೀರೆಯ ಕೆಸರನ್ನೇ ನೋಡುತ್ತ ಕೂತಿದ್ದರು.

"ಬರ್ಕಳಿ ಮೇಡಂ. ಮಗಾ ಇವ್ಳ ತಾವೇ ಇರ್ಲಿ," ಅಂದರು. ಯಾಕೆ ಅಂತ ಅಸ್ಫಿಯಾ ಕೇಳಲಿಲ್ಲ, ಆದರೂ ಹೇಳಿದರು. "ಆ ಕೂಸು ನನ್ನೆಸರೇ ಯೋಳ್ತದೆ ಅಂತ ಗೊತ್ತಿದ್ದಿದ್ರೆ, ನಾನು ಕೇಳ್ಸೇ ಬುಡ್ತಿದ್ದೆ."

ಅಲ್ಲಿಂದ ಮುಂದೆ ಕೆಲಸ ಸಲೀಸಾಯಿತು. ಅಸ್ಫಿಯಾ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ತಂದೆ ತಾಯಿಯ ಹಕ್ಕು ಹಾಗೆಯೇ ಇರುತ್ತದೆ. ಶಾಲೆಯ ದಿನಗಳಲ್ಲಿ ಶೋಭಿತಾ ಮುದ್ದಮ್ಮನ ಮನೆಯಲ್ಲಿ, ದಸರಾ ಮತ್ತು ಬೇಸಿಗೆ ರಜೆಯಲ್ಲಿ ಬೆಳ್ಳಮ್ಮನವರ ಮನೆಯಲ್ಲಿ. ಶಾಲೆಯಲ್ಲೂ ಆಸ್ಪತ್ರೆಯಲ್ಲೂ ಅಪ್ಪ ಅಮ್ಮ ಸಿಗದಿದ್ದಾಗ ಇಬ್ಬರಲ್ಲಿ ಯಾರು ಬೇಕಾದರೂ ಸಹಿ ಹಾಕಬಹುದು, ಹಾಕಿದವರು ಅದೇ ದಿನ ಇನ್ನೊಬ್ಬರಿಗೆ ತಿಳಿಸಬೇಕು. ಈ ಕೊನೆಯ ಮಾತು ಬೆಳ್ಳಮ್ಮ ಸೇರಿಸಿದ್ದು. ಮಳೆಗಾಲದಲ್ಲಿ ಏರಿಯ ಮೇಲೆ ಓಡಬಾರದು ಅಂತಲೂ ಬರೆಯಿರಿ ಅಂದರು. ಅದನ್ನು ಪಾಲಿಸಬೇಕಾದವಳ ಸಹಿ ಇದರಲ್ಲಿ ಇರುವುದಿಲ್ಲ ಅಂತ ಅಸ್ಫಿಯಾ ಹೇಳಿದ ಮೇಲೆ ಬಿಟ್ಟರು. ನಾನು ಒಂದೇ ಒಂದು ಸಲ ಬಾಯಿ ಬಿಟ್ಟೆ, ಚಕ್ಕುಬಂದಿ ಬೇಡವೇ ಅಂತ. ನಾಲ್ಕೂ ಜನ ನನ್ನ ಕಡೆ ನೋಡಿ ನಕ್ಕರು. ಸಿಟ್ಟು ಬರಲಿಲ್ಲ. ನನಗೇ ಆಶ್ಚರ್ಯವಾಯಿತು.

ಸಿದ್ದರಾಜುವನ್ನು ಕರೆಸಿ ಎಲ್ಲರೂ ಸಹಿ ಹಾಕಿದರು. ಮುದ್ದಮ್ಮ ಒಂದೊಂದೇ ಅಕ್ಷರ ಕೂರಿಸಿ ಹಾಕಿದಳು. ಅವಳದು ಮುಗಿಯುವುದಕ್ಕೂ ಶೋಭಿತಾ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಬಾಯಿಯ ಸುತ್ತ ಸೀಬೆಹಣ್ಣು ಮೆತ್ತಿಕೊಂಡಿತ್ತು. ಒಳಗೆ ಬಂದು ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಆಮೇಲೆ ತನ್ನ ಚಪ್ಪಲಿ ನೋಡಿಕೊಂಡು, "ನಾನು ಯಾರ ಮನೇಲಿರ್ಬೇಕಂತೆ?" ಅಂತ ಕೇಳಿದಳು.

ಹೊರಗೆ ಕೂರಿಸಿದರೆ ಮಕ್ಕಳಿಗೆ ಏನೂ ತಿಳಿಯುವುದಿಲ್ಲ ಅಂತ ನಾವು ದೊಡ್ಡವರು ಅಂದುಕೊಂಡಿದ್ದೆವು. ಮುದ್ದಮ್ಮ ನೆಲ ನೋಡುತ್ತಿದ್ದಳು. ಬೆಳ್ಳಮ್ಮ ಕೈಚಾಚಿ ಮಗುವನ್ನು ಎಳೆದುಕೊಂಡು, ಒಳ್ಳೆಯ ಸೀರೆಯ ಸೆರಗಿನಿಂದಲೇ ಬಾಯಿ ಒರೆಸಿದರು.

"ನಿಮ್ಮತ್ತೆ ಮನೇಲಿ ಕಣವ್ವ. ನಾನೇ ಕೇಳ್ಕಂಡೆ, ನನ್ ಮೊಮ್ಮಗಳ್ನ ಎಲ್ಡು ವರ್ಸ ನೋಡ್ಕಳವ್ವ ಅಂತ. ಊಂ ಅಂದ್ಲು."

ಕೆಂಪಸಿದ್ದಯ್ಯನವರು ಹೋದಾಗಲೂ ನಮ್ಮೆದುರು ಅಳದ ಮುದ್ದಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಶೋಭಿತಾ ಗಾಬರಿಯಾಗಿ ಅಜ್ಜಿಯ ಕಡೆ ತಿರುಗಿದಳು.

"ಅತ್ತೆ ಯಾಕಜ್ಜಿ ಅಳ್ತಾವ್ಳೆ?"

"ಎಲ್ಡು ವರ್ಸ ನಿನ್ನ ಕಾಟ ತಡ್ಕಬೇಕಲ್ಲ, ಅದ್ಕೆ," ಅಂದರು ಬೆಳ್ಳಮ್ಮ.